ಕೊಕ್ಕೆಹುಳು ಮತ್ತು ದೇಹದ ಕಾವಲು ಕಣಗಳು

ಸೊರಗಿದ ಟೊಮೆಟೊ ಅಥವಾ ಬದನೆ ಗಿಡವನ್ನು ಕಿತ್ತಾಗ ಬೇರಿನ ತುಂಬ ಗಂಟುಗಳಿರುವುದನ್ನು ತಾವು ಕಂಡಿರುತ್ತೀರಿ. ಆ ಗಂಟಿಗೆ ಕಾರಣವಾದ ಜಂತುಹುಳುವಿನ ದೂರದ ಬಂಧುವೇ ಮನುಷ್ಯನ ಸಣ್ಣ ಕರುಳಿನಲ್ಲಿ ನೆಲೆಸುವ ಕೊಕ್ಕೆಹುಳು. ಗಿಡವನ್ನು ಕಿತ್ತು ನೋಡಬಹುದು, ಕರುಳನ್ನು ನೋಡಲಾಗದು. ಆದ್ದರಿಂದ ಇದರ ಹಾವಳಿ ಬಹುಕಾಲ ತಿಳಿಯುವುದಿಲ್ಲ.

ಬಯಲಿನ ಮಲದಿಂದ ಮೊಟ್ಟೆ ಮಣ್ಣು ಸೇರುತ್ತದೆ. ತೇವವೂ ನೆರಳೂ ಇದ್ದಲ್ಲಿ ಅದು ಒಡೆದು, 5ರಿಂದ 10 ದಿನಗಳಲ್ಲಿ ಮರಿಹುಳು ಸೋಂಕು ತಗಲಿಸಲು ಸಿದ್ಧವಾಗುತ್ತದೆ. ಜಿಗುಟಾದ ಎರೆಭೂಮಿಗಿಂತ ಮರಳುಮಿಶ್ರಿತ ಗೋಡು ಮಣ್ಣು ಇದಕ್ಕೆ ಹಿತ. ಬರಿಗಾಲಿನ ಚರ್ಮವನ್ನು ಕೊರೆದು ಒಳಹೊಕ್ಕ ಮರಿಹುಳು ರಕ್ತದ ಮೂಲಕ ಶ್ವಾಸಕೋಶಕ್ಕೆ, ಅಲ್ಲಿಂದ ಗಂಟಲಿಗೆ, ಕೊನೆಗೆ ಕರುಳಿಗೆ ಸೇರುತ್ತದೆ. ಚರ್ಮದ ಈ ದಾರಿಯನ್ನು 1898ರ ಸುಮಾರಿಗೆ ಕೈರೋದಲ್ಲಿ ಆರ್ಥರ್ ಲೂಸ್ ಎಂಬ ವಿಜ್ಞಾನಿ ಕಂಡುಕೊಂಡರು. ಅವರ ಕೈಮೇಲೆ ಮರಿಹುಳುಗಳಿದ್ದ ನೀರು ಆಕಸ್ಮಿಕವಾಗಿ ಚೆಲ್ಲಿತ್ತು!

ಹುಳು ಹೊಕ್ಕ ಕೂಡಲೇ ದೇಹ ಸುಮ್ಮನಿರುವುದಿಲ್ಲ. ಕಾಲ್ಬೆರಳ ಸಂದಿಯ ತುರಿಕೆ ಆ ಹೋರಾಟದ ಗುರುತು. ಬಿಳಿ ರಕ್ತಕಣಗಳಲ್ಲಿ ಇಯೋಸಿನೊಫಿಲ್ ಎಂಬ ಒಂದು ಬಗೆಯಿದೆ. ಆರೋಗ್ಯವಂತರಲ್ಲಿ ನೂರಕ್ಕೆ ಸುಮಾರು 1ರಿಂದ 6 ಇರುವ ಇವು ಹುಳು ಬಂದಾಗ ಬಹಳ ಹೆಚ್ಚುತ್ತವೆ. ಬಿಳಿ ಕಣವೊಂದು ಇಡೀ ಹುಳುವನ್ನು ನುಂಗಲಾರದು. ಹಾಗಾಗಿ ಇವು ಮರಿಹುಳುವಿನ ಮೈಗೆ ಅಂಟಿ ವಿಷಕಾರಿ ದ್ರವ್ಯ ಸುರಿಸುತ್ತವೆ. ರಕ್ತಪರೀಕ್ಷೆಯ ಚೀಟಿಯಲ್ಲಿ 'ಇಸ್ನೋಫಿಲಿಯಾ' ಎಂದು ಹೇಳುವುದು ಈ ಏರಿಕೆಯನ್ನೇ. ಅಲರ್ಜಿ, ಆಸ್ತಮಾಗಳಲ್ಲೂ ಇದು ಏರುವುದರಿಂದ ಮಲಪರೀಕ್ಷೆಯೂ ಬೇಕು.

ಇಷ್ಟಾದರೂ ಕರುಳು ಸೇರಿದ ಹುಳು ಹಲವು ವರ್ಷ ಬದುಕುತ್ತದೆ. ಹೇಗೆ? ಕಚ್ಚಿದ ಜಾಗದಲ್ಲಿ ಅದು ರಕ್ತ ಹೆಪ್ಪುಗಟ್ಟದಂತೆ ಮಾಡುವ ದ್ರವ್ಯಗಳನ್ನೂ, ಬಿಳಿ ಕಣಗಳ ದಾಳಿಯನ್ನು ತಡೆಯುವ ದ್ರವ್ಯಗಳನ್ನೂ ಸ್ರವಿಸುತ್ತದೆ. ಜೊತೆಗೆ, ಹೋರಾಟ ಮಿತಿಮೀರಿ ತನ್ನ ಕರುಳಿಗೇ ಗಾಯವಾಗದಿರಲೆಂದು ದೇಹ ಇಟ್ಟುಕೊಂಡಿರುವ ನಿಯಂತ್ರಕ ಟಿ-ಕಣಗಳು ಹೆಚ್ಚುತ್ತವೆ. ಕಾವಲುಗಾರರಿಗೆ ಮನೆಯ ಹಿರಿಯರೇ 'ಸಾಕು, ನಿಲ್ಲಿ' ಎಂದಂತೆ. ಈ ಸಡಿಲಿಕೆ ಹುಳುವಿಗೆ ಅನುಕೂಲ. ದಡಾರ ಒಮ್ಮೆ ಬಂದರೆ ಸಾಮಾನ್ಯವಾಗಿ ಮತ್ತೆ ಬರುವುದಿಲ್ಲ. ಕೊಕ್ಕೆಹುಳು ಹಾಗಲ್ಲ, ಎಷ್ಟು ಸಲ ಬಂದು ಹೋದರೂ ಭದ್ರವಾದ ರಕ್ಷಣೆ ಬೆಳೆಯುವುದಿಲ್ಲ.

ಹೆಚ್ಚಾಗಿ ಕಾಣುವ ಜಾತಿಯ ಒಂದು ಹುಳು ದಿನಕ್ಕೆ ಸುಮಾರು 0.03 ಮಿ.ಲೀ. ರಕ್ತ ಕಳೆಯುತ್ತದೆ. ನೂರು ಹುಳುಗಳಿದ್ದರೆ ದಿನಕ್ಕೆ 3 ಮಿ.ಲೀ. ತಿಂಗಳುಗಟ್ಟಲೆ ಇದೇ ನಡೆದರೆ ಕಳೆ ಕೀಳುವ ಹೆಣ್ಣಾಳಿಗೆ ಮಧ್ಯಾಹ್ನದೊಳಗೇ ಏದುಸಿರು ಬರುತ್ತದೆ. ಅದನ್ನು ಸೋಮಾರಿತನವೆಂದು ಗದರಿಸುವುದು ಅನ್ಯಾಯ.

400 ಮಿ.ಗ್ರಾಂ. ಆಲ್ಬೆಂಡಜೋಲ್ ಮಾತ್ರೆ ಕರುಳಿನ ಹುಳುಗಳಲ್ಲಿ ಬಹುಪಾಲನ್ನು ನಿವಾರಿಸುತ್ತದೆ. 2015ರಿಂದ ರಾಷ್ಟ್ರೀಯ ಜಂತುಹುಳು ನಿವಾರಣಾ ದಿನದಂದು ಇದನ್ನು ಮಕ್ಕಳಿಗೆ ಕೊಡಲಾಗುತ್ತಿದೆ. ದೊಡ್ಡವರು ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರನ್ನು ಕೇಳಬೇಕು. ಗರ್ಭಿಣಿಯರು ಮೊದಲ ಮೂರು ತಿಂಗಳು ಇದನ್ನು ತೆಗೆದುಕೊಳ್ಳಬಾರದು. ರಕ್ತಹೀನತೆ ಇದ್ದರೆ ಕಬ್ಬಿಣಾಂಶದ ಮಾತ್ರೆಯೂ ಅಗತ್ಯ.

ಮಾತ್ರೆ ನುಂಗಿ ಮರುದಿನ ಅದೇ ಮಣ್ಣಿನಲ್ಲಿ ಬರಿಗಾಲಲ್ಲಿ ನಿಂತರೆ ಹುಳು ಮತ್ತೆ ಹೊಗುತ್ತದೆ. ತೋಟದ ಕೆಲಸಕ್ಕೆ ಗಂಬೂಟು ಒಳ್ಳೆಯದು. ತೆರೆದ ಚಪ್ಪಲಿ ಕೆಸರಿನಲ್ಲಿ ಅಷ್ಟಾಗಿ ಕಾಯುವುದಿಲ್ಲ. ಹಸಿ ಮಲವನ್ನು ಗೊಬ್ಬರವಾಗಿ ಹಾಕಬೇಡಿ. ಎರಡು ಗುಂಡಿಯ ಶೌಚಾಲಯವಿದ್ದರೆ, ತುಂಬಿದ ಗುಂಡಿಯನ್ನು ಮುಚ್ಚಿ ಎರಡು ವರ್ಷ ಬಿಟ್ಟು, ಒಣಗಿ ಪುಡಿಯಾದ ಮೇಲೆಯೇ ಹೊಲಕ್ಕೆ ಬಳಸಿ.