ಹಕ್ಕಿಯ ಉಸಿರು

ಮದ್ದೂರು ತಾಲೂಕಿನ ಕೊಕ್ಕರೆ ಬೆಳ್ಳೂರಿನಲ್ಲಿ ಹೆಜ್ಜಾರ್ಲೆಗಳು ಮನೆಗಳ ನಡುವಿನ ಮರಗಳಲ್ಲೇ ಗೂಡು ಕಟ್ಟುವುದನ್ನು ನೀವು ನೋಡಿರಬಹುದು. 2007ರಲ್ಲಿ ಅದು ಸಮುದಾಯ ಮೀಸಲು ಪ್ರದೇಶವಾಯಿತು. ಅಷ್ಟು ಭಾರವಾದ ಹಕ್ಕಿ ದೂರದ ಕೆರೆಗಳಿಗೆ ಹಾರಿ ಮರಿಗಳಿಗೆ ಮೀನು ತರುವಷ್ಟು ಉಸಿರನ್ನು ಎಲ್ಲಿಂದ ಪಡೆಯುತ್ತದೆ?

ನಮ್ಮ ಶ್ವಾಸಕೋಶ ಉಬ್ಬಿ ಕುಗ್ಗುತ್ತದೆ. ಹಕ್ಕಿಯ ಶ್ವಾಸಕೋಶವಾದರೋ ಹೆಚ್ಚುಕಡಿಮೆ ಅಲುಗದೆ ಇರುತ್ತದೆ. ಉಬ್ಬಿ ಕುಗ್ಗುವುದು ಅದಕ್ಕೆ ಸೇರಿಕೊಂಡ ತೆಳುವಾದ ಗಾಳಿಚೀಲಗಳು. ಹೆಚ್ಚಿನ ಹಕ್ಕಿಗಳಲ್ಲಿ ಇವು 9. ತಿದಿಯಂತೆ ಅವು ಗಾಳಿಯನ್ನು ಒಂದೇ ದಿಕ್ಕಿನಲ್ಲಿ ಹರಿಸುತ್ತವೆ. ಆದ್ದರಿಂದ ಉಸಿರು ಬಿಡುವಾಗಲೂ ಶ್ವಾಸಕೋಶಕ್ಕೆ ಹೊಸ ಗಾಳಿ ಸಿಗುತ್ತದೆ.

ನಮ್ಮ ಮನೆಯ ಕೋಳಿಗೂ ಇದೇ ರಚನೆ. ನಮಗಿರುವಂತಹ ವಪೆ ಅದಕ್ಕಿಲ್ಲ. ಎದೆಮೂಳೆ ಅಲುಗಿದರೆ ಮಾತ್ರ ಉಸಿರು. ಎದೆಯನ್ನು ಬಿಗಿಯಾಗಿ ಅದುಮಿದರೆ, ಕೊಕ್ಕು ತೆರೆದಿದ್ದರೂ ಅದು ಉಸಿರುಗಟ್ಟಿ ಸಾಯಬಹುದು. ಕಾಲು ಕಟ್ಟಿ ತಲೆಕೆಳಗಾಗಿ ತೂಗಿದರೆ ಒಳಗಿನ ಅಂಗಗಳ ಭಾರವೇ ಗಾಳಿಚೀಲಗಳನ್ನು ಒತ್ತುತ್ತದೆ.

ಮಂಡ್ಯದಿಂದಾಗಲಿ ಮಳವಳ್ಳಿಯಿಂದಾಗಲಿ ಕೋಳಿ ತರುವಾಗ ಇದನ್ನು ನೆನಪಿಡಿ. ರೆಕ್ಕೆಗಳನ್ನು ಮೈಗೆ ಹೊಂದಿಸಿ, ಎದೆಯನ್ನು ಒತ್ತದೆ, ತಲೆ ಮೇಲಿರುವಂತೆ ಹಿಡಿಯಿರಿ. ಕೋಳಿಮರಿಯನ್ನು ಮುಷ್ಟಿಯಲ್ಲಿ ಮುದ್ದಿಸುವ ಮಕ್ಕಳಿಗೂ ಕಲಿಸಿರಿ. ಜಬಹ್ ಮಾಡುವ ಪ್ರಾಣಿಯ ನೋವನ್ನೂ ಕಡಿಮೆ ಮಾಡಬೇಕೆಂದು ಪ್ರವಾದಿವರ್ಯರು(ಸ) ಕಲಿಸಿರುವಾಗ, ಸಂತೆಯಿಂದ ಮನೆಯವರೆಗೆ ಅದರ ಉಸಿರು ನಮ್ಮ ಕೈಯಲ್ಲಿರುವ ಅಮಾನತ್ ಅಲ್ಲವೇ?