ಮನವಿಯೊಳಗೆ ಬೆಳೆದವರ ಲೆಕ್ಕವೂ ಬರಲಿ

ಬೆಳಗಾವಿಯ ಗಾಂಧಿನಗರದ ಹತ್ತಿರ ಇದ್ದ ಜೈ ಕಿಸಾನ್ ಖಾಸಗಿ ಸಗಟು ತರಕಾರಿ ಮಾರುಕಟ್ಟೆಯ ಪರವಾನಗಿ 2025ರ ಸೆಪ್ಟೆಂಬರಿನಲ್ಲಿ ರದ್ದಾಯಿತು. ಅವತ್ತು ನನ್ನ ಫೋನಿಗೆ ಬಿಡುವಿರಲಿಲ್ಲ. ಎಪಿಎಂಸಿಯ ಹಮಾಲರು, ಮಳಿಗೆಯವರು, ನನ್ನ ಹಾಗೆ ಕಾಯಿಪಲ್ಲೆ ಹೇರಿಕೊಂಡು ಬರುವ ಗೆಳೆಯರು, ಎಲ್ಲರದೂ ಒಂದೇ ಮಾತು: 'ಗೆದ್ದೇವ್ರೀ ಅಣ್ಣಾ.' ಗೆದ್ದದ್ದು ಖರೆ. ಮೂರೂವರೆ ವರ್ಷಕ್ಕೂ ಮಿಕ್ಕಿ ನಡೆದ ಜಗಳ ಅದು, ಅದರಲ್ಲಿ ನಾನೂ ನಿಂತಿದ್ದೆ ಎಂಬ ಹೆಮ್ಮೆ ನನಗಿದೆ. ನಾಳೆ ಗೋಕಾಕಿಗೋ ಮೂಡಲಗಿಗೋ ಸಂಕೇಶ್ವರಕ್ಕೋ ಇಂಥದೇ ಒಂದು ದೊಡ್ಡ ಮಾರುಕಟ್ಟೆಯೋ ಮಾಲೋ ಬಂದರೆ ಅಲ್ಲಿನವರು ನಾವು ತಿಂದ ಪೆಟ್ಟು ತಿನ್ನಬಾರದು. ಅದಕ್ಕೇ ಬರೆಯುತ್ತಿದ್ದೇನೆ.

ನಮ್ಮೂರು ದಡ್ಡಿ. ಘಟಪ್ರಭೆಯ ದಂಡೆ, ಹಿಡಕಲ್ ಡ್ಯಾಮಿನ ಹಿನ್ನೀರಿನ ಸೀಮೆ. ಮೋಹನಗಾ-ದಡ್ಡಿಯ ಭಾವೇಶ್ವರಿ ಜಾತ್ರೆಗೆ ಬಂದವರಿಗೆ ಬೇರೆ ಗುರುತು ಹೇಳಬೇಕಿಲ್ಲ. ಕಬ್ಬಿನ ಬಿಲ್ಲು ಕೈಗೆ ಬರುವತನಕ ಮನೆ ನಡೆಸುವುದು ಕಾಯಿಪಲ್ಲೆ. ತಾಲೂಕು ಹುಕ್ಕೇರಿ, ತಾಲೂಕಿನ ಎಪಿಎಂಸಿ ಸಂಕೇಶ್ವರದಲ್ಲಿ. ನಮ್ಮ ಪಲ್ಲೆ ಹೋಗುವುದು ಮಾತ್ರ ಬೆಳಗಾವಿಗೆ, ಯಾಕೆಂದರೆ ಗೋವಾಕ್ಕೆ ಒಯ್ಯುವ ಖರೀದಿದಾರರು ಅಲ್ಲಿರುತ್ತಾರೆ. ಈ ತಾಲೂಕಿನ ವಿಷಯ ಮುಂದೆ ಒಬ್ಬ ಸಾಹೇಬರ ಬಾಯಲ್ಲಿ ಬರುತ್ತದೆ.

2019ರಲ್ಲಿ ಬೆಳಗಾವಿಯ ಸಗಟು ತರಕಾರಿ ವ್ಯಾಪಾರ ಕೋಟೆ ಹತ್ತಿರದ ಹಳೆ ಜಾಗ ಬಿಟ್ಟು ಎಪಿಎಂಸಿ ಪ್ರಾಂಗಣಕ್ಕೆ ಬಂದಿತ್ತು. ವ್ಯಾಪಾರಸ್ಥರು ಅಲ್ಲಿ ದುಡ್ಡು ಹಾಕಿ ಮಳಿಗೆ ಹಿಡಿದಿದ್ದರು. ಅದು ಬೇರೂರಿ ನಿಲ್ಲುವಷ್ಟರಲ್ಲಿ, 2022ರ ಜನವರಿಯಲ್ಲಿ, ಖಾಸಗಿ ಮಾರುಕಟ್ಟೆ ಶುರುವಾಯಿತು. ಕಟ್ಟಿದವರೂ ಹೊರಗಿನವರಲ್ಲ, ಬೆಳಗಾವಿಯವರೇ ಆದ ತರಕಾರಿ ವ್ಯಾಪಾರಸ್ಥರು. ಒಂದು ಕಡೆ ಇದ್ದ ಖರೀದಿದಾರರು ಎರಡು ಕಡೆ ಹಂಚಿಹೋದರು. ಲಿಲಾವಿನಲ್ಲಿ ಕೂಗುವ ಬಾಯಿ ಕಡಿಮೆಯಾದರೆ ದರ ಏರುವುದು ಹೇಗೆ? ನಮಗೆ ಬಿದ್ದ ಮೊದಲ ಪೆಟ್ಟು ಇದೇ.

ಆ ತಿಂಗಳ ಒಂದು ನಸುಕು ನೆನೆಸಿದರೆ ಇವತ್ತಿಗೂ ಹೊಟ್ಟೆ ಉರಿಯುತ್ತದೆ. ಹಿಂದಿನ ಸಂಜೆ ಅಡತಿಯವರೊಬ್ಬರಿಗೆ ಫೋನು ಮಾಡಿದ್ದೆ. 'ತಗೊಂಡ್ ಬಾ ತಮ್ಮಾ, ನಾ ಅದೇನಿ' ಅಂದಿದ್ದರು. ಅವ್ವ, ಹೆಂಡತಿ, ಓಣಿಯ ಹೆಣ್ಣುಮಕ್ಕಳು ಪಡಸಾಲೆಯಲ್ಲಿ ಕೂತು ಮೆಂತೆಪಲ್ಲೆಯ ಪೆಂಡಿ ಕಟ್ಟಿದರು. ಬೇರಿನ ಮಣ್ಣು ಝಾಡಿಸಬೇಕು, ಎಲ್ಲಾ ಪೆಂಡಿ ಒಂದೇ ಹಿಡಿಯ ಅಳತೆಗೆ ಬರಬೇಕು, ಒದ್ದೆ ಗೋಣಿತಟ್ಟಿನ ಮೇಲೆ ನಡುವೆ ಗಾಳಿಯಾಡುವಂತೆ ಜೋಡಿಸಬೇಕು. ಒತ್ತೊತ್ತಾಗಿ ಹೇರಿದರೆ ಒಳಗೇ ಬೆಂದುಹೋಗುತ್ತದೆ. ಅವ್ವನ ಕೈ ಪೆಂಡಿ ಅಂದರೆ ಖರೀದಿದಾರರು ದೂರದಿಂದಲೇ ಗುರುತು ಹಿಡಿಯುತ್ತಿದ್ದರು.

ಕಾಕತಿ ದಾಟುವಾಗ ಇನ್ನೂ ಕತ್ತಲೆ. ಎಪಿಎಂಸಿ ಒಳಗೆ ಹೋದರೆ ಲೈಟು ಉರಿಯುತ್ತಿವೆ, ಸಾಲಿಗೆ ಸಾಲೇ ಶಟರ್ ಇಳಿದಿವೆ. ನಮ್ಮ ಅಡತಿಯವರ ಮಳಿಗೆಗೂ ಕೀಲಿ. ಒಬ್ಬ ಹಮಾಲ ಕಂಬಳಿ ಹೊದ್ದು ಕಟ್ಟೆಯ ಮೇಲೆ ಕೂತಿದ್ದ. 'ಅವ್ರು ಇಲ್ಲಿಲ್ರೀ. ನಿನ್ನೆ ರಾತ್ರಿನ ಸಾಮಾನ ಎತ್ಕೊಂಡು ಆ ಕಡೆ ಹೋಗ್ಯಾರ' ಅಂದ. ಫೋನು ಹಚ್ಚಿದೆ. ರಿಂಗಾಯಿತು, ಎತ್ತಲಿಲ್ಲ. ಮತ್ತೆ ಹಚ್ಚಿದೆ, ಬಂದ್ ಮಾಡಿಟ್ಟಿದ್ದರು. ನಿನ್ನೆ ಹೊಲದಲ್ಲಿದ್ದ ಮಾಲು ಗಾಡಿಯಲ್ಲಿದೆ, ಅದಕ್ಕೆ ವಾರಸುದಾರ ಇಲ್ಲ.

ಬೆಳಗಾಯಿತು. ತೆರೆದಿದ್ದ ಕೆಲವು ಮಳಿಗೆಗಳ ಮುಂದೆ ನನ್ನಂಥವರೇ ಗಾಡಿ ಹಚ್ಚಿ ನಿಂತಿದ್ದರು. ಕೈಗಾಡಿಯವರಷ್ಟೇ ಬಂದರು, ಗೋವಾದ ಗಾಡಿ ಒಂದೂ ಬರಲಿಲ್ಲ. ಕೈಗಾಡಿಯವರು ಕೇಳಿದ ದರ ಟೆಂಪೋದ ಬಾಡಿಗೆಗೂ ಸಾಲದು. ಬಿಸಿಲು ಏರಿತು. ಮೆಂತೆ ಎಲೆ ಮೊದಲು ಬಣ್ಣಗೆಡುತ್ತದೆ, ಆಮೇಲೆ ದಂಟು ಬಾಗುತ್ತದೆ. ತಟ್ಟಿನ ನಡುವೆ ಕೈ ಹಾಕಿ ನೋಡಿದೆ, ಬಿಸಿ. ಬೆಂದ ಪಲ್ಲೆಯ ವಾಸನೆ ಹೊಡೆಯಿತು. ಡ್ರೈವರ್ ಹುಡುಗ ಬಾಟಲಿಯಲ್ಲಿ ನೀರು ತಂದು ಚಿಮುಕಿಸುತ್ತಲೇ ಇದ್ದ. ಅದರಿಂದ ಏನೂ ಆಗುವುದಿಲ್ಲ ಅಂತ ಅವನಿಗೂ ಗೊತ್ತಿತ್ತು. ಕಡೆಗೆ ಹಮಾಲರ ಮನೆಗೆ ಒಂದಿಷ್ಟು ಕೊಟ್ಟು ಉಳಿದದ್ದನ್ನು ತಿರುಗಿ ಊರಿಗೆ ತಂದು ದನಗಳ ಮುಂದೆ ಸುರುವಿದೆ. ಅವ್ವ ಹೊಸ್ತಿಲಲ್ಲಿ ನಿಂತು 'ಎಷ್ಟಕ್ಕ ಹೋತು?' ಅಂತ ಕೇಳಿದಳು.

ಗಾಡಿ ತಿರುಗಿಸಿ ಆ ಕಡೆ ಹೋಗಬಹುದಿತ್ತಲ್ಲ ಅಂತ ಆಮೇಲೆ ಬಹಳ ಜನ ಕೇಳಿದರು. ಹೋಗಬಹುದಿತ್ತು, ಹೋಗಲಿಲ್ಲ. ರಾತ್ರೋರಾತ್ರಿ ಬೇರೆಯವರು ಮನಸ್ಸು ಬದಲಿಸಿದ ಕಡೆಗೆ ನಾವು ಗಾಡಿ ತಿರುಗಿಸುತ್ತ ಹೋದರೆ ನಮ್ಮ ಮಾಲಿನ ಮೇಲೆ ನಮಗೆ ಹಕ್ಕು ಏನು ಉಳಿಯಿತು? ಹಟ ಅನ್ನಿ. ಆ ಹಟವೇ ನನ್ನನ್ನು ಖಾಸಗಿ ಮಾರುಕಟ್ಟೆಯ ವಿರುದ್ಧದ ಧರಣಿಗೆ ಕರೆದೊಯ್ದದ್ದು, ಅದು ಸರಿ ಅಂತಲೇ ಇವತ್ತಿಗೂ ಹೇಳುತ್ತೇನೆ.

ನನಗೆ ಸಿಟ್ಟು ಇರುವುದು ನಮ್ಮ ಸ್ವಂತ ಕಾಕಾನ ಮೇಲೆ. ಆ ಮಾರುಕಟ್ಟೆ ಬೇಡ ಅನ್ನುವ ಊರಿನ ಮನವಿಗೆ ಎಲ್ಲರಿಗಿಂತ ಮೊದಲು ಸಹಿ ಹಾಕಿದವರು ಅವರು, ಹನುಮಪ್ಪನ ಗುಡಿ ಕಟ್ಟೆಯ ಮೇಲೆ ಕೂತು ಹತ್ತು ಜನರ ಕೈಯಲ್ಲಿ ಹಾಕಿಸಿದವರೂ ಅವರೇ. ಮರುವಾರ ಅವರ ಟೆಂಪೋ ಗಾಂಧಿನಗರದ ಹಾದಿ ಹಿಡಿದಿತ್ತು. ಕೇಳಿದರೆ 'ಸಹಿ ಮಾಡು ಅಂದ್ರಿ, ಮಾಡಿದ್ನಿ. ಹೊಟ್ಟಿಗಿ ಏನ್ ಮಾಡ್ಲಿ?' ಅಂದರು. ಹೊಟ್ಟೆ ಎಲ್ಲರಿಗೂ ಇದೆ ಕಾಕಾ. ನಿಮ್ಮ ಗಾಡಿ ನೋಡಿಯೇ ಓಣಿಯ ಅರ್ಧ ಗಾಡಿಗಳು ತಿರುಗಿದವು. ಹೋರಾಟಕ್ಕೆ ಇಳಿಯುವವರಿಗೆ ನಾನು ಹೇಳುವುದು: ಸಹಿ ಎಷ್ಟಾದವು ಅಂತ ಎಣಿಸುವ ಮೊದಲು ಗಾಡಿ ಇರುವವರನ್ನು ಒಟ್ಟಿಗೆ ಕೂರಿಸಿ, ಯಾವ ದಿನ ಯಾರ ಮಾಲು ಎಲ್ಲಿ ಇಳಿಯುತ್ತದೆ ಅಂತ ಮಾತಾಡಿಕೊಳ್ಳಿ. ನಾಲ್ಕು ಊರಿನ ಮಾಲು ಒಂದೇ ಕಡೆ ಬೀಳುತ್ತದೆ ಅಂದರೆ ಖರೀದಿದಾರ ತಾನೇ ಹುಡುಕಿಕೊಂಡು ಬರುತ್ತಾನೆ.

ಧರಣಿಯ ವಿಷಯ. ಎಪಿಎಂಸಿ ವ್ಯಾಪಾರಸ್ಥರು ಗಟ್ಟಿಯಾಗಿ ನಿಂತರು, ಅದನ್ನು ಅಲ್ಲಗಳೆಯುವುದಿಲ್ಲ. ಆದರೆ ಒಂದು ಮಾತು ಅವರ ಮುಂದೆಯೂ ಹೇಳಿದ್ದೇನೆ. ರೈತರ ಹೆಸರು ಎರಡೂ ಕಡೆಯ ಬಾಯಲ್ಲಿತ್ತು. ಇವರು 'ರೈತರಿಗೆ ಅನ್ಯಾಯ' ಅಂದರು, ಅವರು 'ರೈತರಿಗೆ ಅನುಕೂಲ' ಅಂದರು. ನಮ್ಮ ಕಡೆಯ ಮನವಿ ಓದಿ ನೋಡಿದರೆ ಮಳಿಗೆಗೆ ಕಟ್ಟಿದ ದುಡ್ಡು, ಬಾಡಿಗೆ, ಲೈಸೆನ್ಸು ಇದ್ದವು. ಮೆಂತೆಪಲ್ಲೆ ಬೆಂದುಹೋದ ಗಾಡಿ ಎಲ್ಲೂ ಇರಲಿಲ್ಲ. ಕಮಿಷನ್ನು ಕೊಂಡವರಿಂದ ಹಿಡಿಯಬೇಕು, ಬೆಳೆದವರಿಂದ ಹಿಡಿಯಕೂಡದು ಅಂತ ನಮ್ಮ ರಾಜ್ಯದ 1966ರ ಎಪಿಎಂಸಿ ಕಾಯ್ದೆ ಹೇಳುತ್ತದೆ. ಅದರ ಮಾತೂ ಇರಲಿಲ್ಲ. ಲೆಕ್ಕ ತಿರುವಳಿ ಕೊಡುವ ಬದಲು ಬಿಳಿ ಚೀಟಿಯಲ್ಲಿ ನಾಲ್ಕು ಅಂಕಿ ಗೀಚಿ ಕೈಗೆ ಕೊಡುವುದು ಇಂದು ನಿನ್ನೆಯದಲ್ಲ, ಒಂದು ಪೇಟೆಯದೂ ಅಲ್ಲ. ನಾನು ಎದ್ದು 'ಇದನ್ನೂ ಬರೀರಿ' ಅಂದಾಗ ಒಬ್ಬ ಹಿರಿಯರು 'ಈಗ ಅದೆಲ್ಲಾ ಬ್ಯಾಡ, ಮೊದಲ ಇದು ಮುಗೀಲಿ' ಅಂದರು.

ಇಂಥ ಜಗಳಗಳು ನಮ್ಮಲ್ಲಿ ಹೊಸತೇನಲ್ಲ. 2003ರಲ್ಲಿ ಬೆಂಗಳೂರಿಗೆ ಜರ್ಮನಿಯ ಮೆಟ್ರೋ ಸಗಟು ಮಳಿಗೆ ಬಂದಾಗ ವ್ಯಾಪಾರಸ್ಥರು ವಿರೋಧಿಸಿದರು. ಬಹುಬ್ರ್ಯಾಂಡ್ ಚಿಲ್ಲರೆ ವ್ಯಾಪಾರದಲ್ಲಿ ಶೇ. 51ರಷ್ಟು ವಿದೇಶಿ ಹೂಡಿಕೆಗೆ ಕೇಂದ್ರ ಒಪ್ಪಿದಾಗ 2012ರ ಸೆಪ್ಟೆಂಬರ್ 20ರಂದು ಭಾರತ್ ಬಂದ್ ಆಯಿತು. ಎರಡರಲ್ಲೂ ಮುಂದೆ ನಿಂತವರು ಅಂಗಡಿಯವರು. ಆದರೆ ಕೇಂದ್ರದ ಮೂರು ಕೃಷಿ ಕಾಯ್ದೆಗಳ ವಿರುದ್ಧ ದಿಲ್ಲಿಯ ಗಡಿಯಲ್ಲಿ, ಸಿಂಘು ಮತ್ತು ಟಿಕ್ರಿಯಲ್ಲಿ, ಬೆಳೆದವರೇ ಒಂದು ವರ್ಷ ಮಿಕ್ಕಿ ಕೂತರು. ತಮ್ಮ ಬೇಡಿಕೆಯನ್ನು ತಾವೇ ಬರೆದರು. 2021ರ ನವೆಂಬರಿನಲ್ಲಿ ಆ ಮೂರು ಕಾಯ್ದೆಗಳು ವಾಪಸಾದವು. ಅವರ ಬೆಂಬಲ ಬೆಲೆಯ ಬೇಡಿಕೆ ಇನ್ನೂ ಈಡೇರಿಲ್ಲ, ನಿಜ. ಆದರೆ ಅದು ದೇಶದ ಬಾಯಲ್ಲಿ ಉಳಿದದ್ದು ಅವರು ಅದನ್ನು ಮೊದಲ ದಿನದಿಂದ ಪಟ್ಟಿಯಲ್ಲಿ ಇಟ್ಟದ್ದರಿಂದ.

ಇನ್ನು ಆ ಸಾಹೇಬರು. ಊರವರ ಮನವಿ ಹಿಡಿದು ಬೆಳಗಾವಿಯ ಒಂದು ಕಚೇರಿಗೆ ಹೋದೆವು. ಓದಲೂ ಇಲ್ಲ, ಮೇಲಿನ ವಿಳಾಸ ನೋಡಿ 'ಹುಕ್ಕೇರಿ ತಾಲೂಕಿನವ್ರು ಅಲ್ರೀ ನೀವು? ನಿಮ್ಮ ಎಪಿಎಂಸಿ ಸಂಕೇಶ್ವರ. ಬೆಳಗಾವಿ ಪ್ಯಾಟಿ ಉಸಾಬರಿ ನಿಮಗ್ಯಾಕ?' ಅಂದರು. 'ಸಾಹೇಬ್ರ, ನಮ್ಮ ಮಾಲು ಇಲ್ಲೇ ಬರ್ತೈತ್ರಿ' ಅಂದೆ. 'ಹಂಗಾದ್ರ ಬೆಂಗಳೂರಿಗೆ ಬರೀರಿ, ಇದು ನಮ್ಮ ವ್ಯಾಪ್ತಿಗೆ ಬರೂದಿಲ್ಲ' ಅಂತ ಕಾಗದ ತಳ್ಳಿದರು. ಬಿಸಿಲಲ್ಲಿ ಬಂದ ಮುದುಕರು ಬಾಗಿಲಲ್ಲಿ ನಿಂತಿದ್ದರು, ಕೂಡ್ರಿ ಅಂತ ಒಂದು ಮಾತು ಬರಲಿಲ್ಲ. ಆ ಸಾಹೇಬರ ಹೆಸರು ನಾನು ಮರೆತಿಲ್ಲ.

ಅಂಥವರ ಮುಂದೆ ಕೂಗಾಡಿ ಪ್ರಯೋಜನವಿಲ್ಲ, 'ವ್ಯಾಪ್ತಿಗೆ ಬರುವುದಿಲ್ಲ ಅಂತ ಹಿಂಬರಹ ಬರೆದುಕೊಡಿ' ಅನ್ನಬೇಕು. ಬರವಣಿಗೆಯಲ್ಲಿ ಕೊಡಬೇಕು ಅಂದ ಕೂಡಲೇ ಮಾತಿನ ಧಾಟಿ ಬದಲಾಗುತ್ತದೆ. ಮನವಿಯ ಎರಡನೇ ಪ್ರತಿಯ ಮೇಲೆ ಟಪಾಲಿನವರ ಶಿಕ್ಕಾ, ತಾರೀಖು, ಆವಕ ನಂಬರು ಇಲ್ಲದೆ ಕಚೇರಿ ಬಿಟ್ಟು ಬರಬೇಡಿ. ಪರವಾನಗಿಯ ಪ್ರತಿಯನ್ನು, ಅದರ ಷರತ್ತುಗಳ ಸಮೇತ, ಮಾಹಿತಿ ಹಕ್ಕಿನಲ್ಲಿ ಕೇಳಿ. ಹತ್ತು ರೂಪಾಯಿ ಶುಲ್ಕ. ಕರ್ನಾಟಕದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, ನೂರೈವತ್ತು ಶಬ್ದದ ಮಿತಿ ಇದೆ, ಪುರಾಣ ಬರೆದರೆ ಅದೇ ನೆಪದಲ್ಲಿ ತಿರುಗಿಸುತ್ತಾರೆ. 30 ದಿನದಲ್ಲಿ ಉತ್ತರ ಬರದಿದ್ದರೆ ಸುಮ್ಮನಿರದೆ ಮೇಲ್ಮನವಿ ಹಾಕಿ. ಖಾಸಗಿ ಮಾರುಕಟ್ಟೆಯ ಪರವಾನಗಿ ಕೊಡುವುದು, ರದ್ದು ಮಾಡುವುದು ಎರಡೂ ಬೆಂಗಳೂರಿನ ಕೃಷಿ ಮಾರಾಟ ಇಲಾಖೆಯ ನಿರ್ದೇಶಕರ ಕೈಯಲ್ಲಿದೆ. ಜಾಗದ ಎನ್.ಎ. (ಕೃಷಿಯೇತರ ಬಳಕೆಯ ಅನುಮತಿ) ಜಿಲ್ಲಾಧಿಕಾರಿಗಳದು, ಕಟ್ಟಡದ ಅನುಮತಿ ಬೇರೆ ಕಚೇರಿಯದು. ಯಾವ ಸಹಿ ಯಾರದು ಅಂತ ತಿಳಿಯದೆ ಎಲ್ಲರ ಹೆಸರೂ ಸೇರಿಸಿ ಒಂದೇ ಮನವಿ ಬರೆದರೆ ಪ್ರತಿಯೊಬ್ಬರೂ ಪಕ್ಕದವರ ಕಡೆ ಬೊಟ್ಟು ಮಾಡುತ್ತಾರೆ.

ಚಳಿಗಾಲದ ಅಧಿವೇಶನಕ್ಕೆ ಸರ್ಕಾರವೇ ಸುವರ್ಣಸೌಧಕ್ಕೆ ಬರುತ್ತದೆ, ಅಲ್ಲಿ ಟೆಂಟು ಹಾಕಿದರೆ ಆಯಿತು ಅನ್ನುವವರಿದ್ದಾರೆ. ಹಾಕಿ, ಬೇಡ ಅನ್ನುವುದಿಲ್ಲ. ಆದರೆ ಅಲ್ಲಿ ಸಾಲುಸಾಲು ಟೆಂಟುಗಳಿರುತ್ತವೆ. ಮಂತ್ರಿಗಳು ಬಂದು ನಿಂತು ಮನವಿ ಇಸಕೊಂಡು ಪಿ.ಎ. ಕೈಗೆ ದಾಟಿಸುವಷ್ಟರಲ್ಲಿ ನಿಮ್ಮ ಸರದಿ ಮುಗಿದಿರುತ್ತದೆ. ಒಂದು ಹಾಳೆಯಲ್ಲಿ ಒಂದೇ ಬೇಡಿಕೆ, ಹಿಂದೆ ಹಿಂಬರಹಗಳ ಪ್ರತಿ, ಇಷ್ಟು ಇಟ್ಟುಕೊಂಡು ಹೋಗಿ.

ಖಾಸಗಿ ಮಾರುಕಟ್ಟೆಯ ಪರವಾನಗಿ ಹೋಯಿತು, ಎಪಿಎಂಸಿಗೆ ಜೀವ ಬರಬೇಕಾಗಿದೆ. 'ಮೊದಲ ಇದು ಮುಗೀಲಿ' ಅಂದ ಹಿರಿಯರಿಗೆ ಫೋನು ಮಾಡಿ, ಇದು ಮುಗಿಯಿತಲ್ಲ, ಇನ್ನು ನಮ್ಮದನ್ನು ಶುರು ಮಾಡೋಣ ಅಂದೆ. ಹೂಂ ಅಂದರು. ದಡ್ಡಿ ಮತ್ತು ಸುತ್ತಲ ಊರಿನ ಬೆಳೆಗಾರರ ಮನವಿ ಈಗ ತಯಾರಿದೆ. ಪ್ರತಿ ಲಾಟಿಗೆ ಲೆಕ್ಕ ತಿರುವಳಿ, ಎಲೆಪಲ್ಲೆಗೆ ನಸುಕಿನಲ್ಲೇ ಮೊದಲ ಲಿಲಾವು, ಗಾಡಿ ನಿಲ್ಲಲು ನೆರಳು, ಮಾಲಿನ ಜೊತೆ ಬರುವ ಹೆಣ್ಣುಮಕ್ಕಳಿಗೆ ಶೌಚಾಲಯ. ಈ ಸಲ ಸಹಿಯ ಪಕ್ಕದಲ್ಲಿ ಗಾಡಿಯ ನಂಬರನ್ನೂ ಬರೆಸುತ್ತಿದ್ದೇವೆ. ಕಾಕಾನೂ ಸಹಿ ಹಾಕಿದ್ದಾರೆ, ನಂಬರು ಬರೆಯುವುದು ಬಾಕಿ ಇದೆ.