ಗ್ರಂಥದೊಳಗಿನ ಕೈಮರಗಳು

‘ಎಂಟನೆಯ ಕೋಷ್ಟಕವನ್ನು ನೋಡಿ’ ಎಂಬಂಥ ಸೂಚನೆಗಳು ಶಾಸ್ತ್ರಗ್ರಂಥಗಳಲ್ಲಿ ಹೆಜ್ಜೆಹೆಜ್ಜೆಗೂ ಬರುತ್ತವೆ. ಇವು ಗ್ರಂಥದೊಳಗಿನ ಕೈಮರಗಳು. ಲೇಖಕನು ನಡುವೆ ಹೊಸದೊಂದು ಕೋಷ್ಟಕವನ್ನು ಸೇರಿಸಿದನೆನ್ನೋಣ. ಎಂಟನೆಯದು ಒಂಬತ್ತನೆಯದಾಗುತ್ತದೆ, ಸೂಚನೆಯು ಮಾತ್ರ ಎಂಟನೆಯದನ್ನೇ ತೋರಿಸುತ್ತಿರುತ್ತದೆ. ಔಷಧದ ಪ್ರಮಾಣವನ್ನು ಹುಡುಕುವವನು ಹೀಗೆ ಬೇರೊಂದು ಔಷಧದ ಕೋಷ್ಟಕಕ್ಕೆ ಹೋದರೆ ಒದಗುವ ಅನರ್ಥವನ್ನು ಊಹಿಸಬಹುದು. ದಾರಿ ತಪ್ಪಿಸುವ ಕೈಮರಕ್ಕಿಂತ ಕೈಮರವಿಲ್ಲದಿರುವುದೇ ಮೇಲು.

ಗಣಕಯಂತ್ರದಲ್ಲಿ ಸಾದಾ ಅಕ್ಷರಗಳಷ್ಟೇ ಇರುವ ಮೂಲಪಾಠವನ್ನು ಬರೆದು, ಅದರಿಂದಲೇ ಮುದ್ರಣದ ಪುಟಗಳನ್ನೂ ಜಾಲಪುಟಗಳನ್ನೂ ಪಡೆಯುವ ಪದ್ಧತಿಯೊಂದುಂಟು. ಅಲ್ಲಿ ಈ ತೊಡಕಿಗೆ ಪರಿಹಾರವೇನು? ತತ್ತ್ವವು ಸರಳವಾದುದು: ಸೂಚನೆಯನ್ನು ಸಂಖ್ಯೆಗೆ ಕಟ್ಟದೆ ಹೆಸರಿಗೆ ಕಟ್ಟಬೇಕು.

ಲೆಸ್ಲಿ ಲ್ಯಾಂಪೋರ್ಟರು 1980ರ ದಶಕದಲ್ಲಿ ರಚಿಸಿದ ಲೇಟೆಕ್ ಎಂಬ ಅಕ್ಷರಜೋಡಣೆಯ ವ್ಯವಸ್ಥೆಯನ್ನು ತೆಗೆದುಕೊಳ್ಳೋಣ. ಲೇಖಕನು ‘ಲೇಬಲ್’ ಎಂಬ ಆಜ್ಞೆಯಿಂದ ಕೋಷ್ಟಕಕ್ಕೆ ‘ಪ್ರಮಾಣ’ ಎಂದು ಹೆಸರಿಡುತ್ತಾನೆ. ಸೂಚನೆ ಬರಬೇಕಾದೆಡೆ ‘ರೆಫ್’ ಎಂಬ ಆಜ್ಞೆಯೊಡನೆ ಅದೇ ಹೆಸರನ್ನು ಬರೆಯುತ್ತಾನೆ. ಸಂಖ್ಯೆಯನ್ನು ಯಂತ್ರವೇ ತುಂಬುತ್ತದೆ. ಆದರೆ ಸೂಚನೆಯು 10ನೆಯ ಪುಟದಲ್ಲಿಯೂ ಕೋಷ್ಟಕವು 100ನೆಯ ಪುಟದಲ್ಲಿಯೂ ಇದ್ದರೆ, ಇನ್ನೂ ತಲುಪದ ಕೋಷ್ಟಕದ ಸಂಖ್ಯೆಯು ಯಂತ್ರಕ್ಕೆ ತಿಳಿಯುವುದೆಂತು? ಆದುದರಿಂದ ಪಾಠವನ್ನು ಅದು ಮತ್ತೊಮ್ಮೆ ಓದಬೇಕಾಗುತ್ತದೆ. ಮೊದಲ ಸಲ ಹೆಸರುಗಳನ್ನೂ ಅವುಗಳಿಗೆ ಬಂದ ಸಂಖ್ಯೆಗಳನ್ನೂ ಸಹಾಯಕ ಕಡತವೊಂದರಲ್ಲಿ ಬರೆದಿಡುತ್ತದೆ. ಎರಡನೆಯ ಸಲ ಆ ಪಟ್ಟಿಯನ್ನು ನೋಡಿ ಸಂಖ್ಯೆಗಳನ್ನು ತುಂಬುತ್ತದೆ. ಹೆಸರು ಸಿಗದಿದ್ದರೆ ಎರಡು ಪ್ರಶ್ನಾರ್ಥಕ ಚಿಹ್ನೆಗಳನ್ನು ಮುದ್ರಿಸಿ ಎಚ್ಚರಿಸುತ್ತದೆ. ತಪ್ಪು ದಾರಿಯನ್ನಂತೂ ತೋರಿಸುವುದಿಲ್ಲ.

ಜಾಲಪುಟದ ರೀತಿ ಬೇರೆ. ಅಲ್ಲಿ ಗುರಿಯಾದ ಸ್ಥಳಕ್ಕೆ ‘ಐಡಿ’ ಎಂಬ ಗುರುತನ್ನು ಕೊಟ್ಟು, ಕೊಂಡಿಯಲ್ಲಿ ‘#’ ಚಿಹ್ನೆಯ ಮುಂದೆ ಅದನ್ನೇ ಬರೆಯುತ್ತಾರೆ. ಕೊಂಡಿಯನ್ನು ಒತ್ತಿದೊಡನೆ ಆ ಸ್ಥಳವು ಕಣ್ಣೆದುರಿಗೆ ಬರುತ್ತದೆ. ಕಾಗದದ ಮೇಲಿನ ಅಕ್ಷರವನ್ನು ಹೀಗೆ ಒತ್ತಿ ಫಲವಿಲ್ಲ. ಅಲ್ಲಿ ಸಂಖ್ಯೆಯೇ ದಾರಿ. ಖಗೋಳವಿಜ್ಞಾನಿ ಕಾರ್ಸ್ಟನ್ ಡೊಮಿನಿಕರು 2003ರಲ್ಲಿ ಆರಂಭಿಸಿದ ಆರ್ಗ್ ಎಂಬ ವ್ಯವಸ್ಥೆಯು ಮೂಲಪಾಠದ ಒಂದೇ ಕೊಂಡಿಯನ್ನು ಈ ಎರಡು ರೂಪಗಳಿಗೂ ಮಾರ್ಪಡಿಸಬಲ್ಲದು.

ಇಲ್ಲಿ ಒಂದು ಎಚ್ಚರಿಕೆ ಅವಶ್ಯ. ಆರ್ಗ್‌ನಲ್ಲಿ ಅಧ್ಯಾಯದ ಶೀರ್ಷಿಕೆಯನ್ನೇ ಕೊಂಡಿಯ ಗುರಿಯಾಗಿ ಬರೆಯಬಹುದು. ಆದರೆ ಶೀರ್ಷಿಕೆಯನ್ನು ತಿದ್ದಿದ ದಿನ ಕೊಂಡಿಯು ಕಡಿದುಹೋಗುತ್ತದೆ. ಆದುದರಿಂದ ಶೀರ್ಷಿಕೆಯಿಂದ ಬೇರೆಯಾದ ಸ್ಥಿರನಾಮವೊಂದನ್ನು ಕೊಡುವುದು ಲೇಸು. ಪ್ರಬಂಧ ಬರೆಯುವ ವಿದ್ಯಾರ್ಥಿಗಳು ಈ ಮಾತನ್ನು ನೆನಪಿನಲ್ಲಿಡಲಿ: ಸಂಖ್ಯೆಯೂ ಶೀರ್ಷಿಕೆಯೂ ಬದಲಾಗತಕ್ಕವು, ಕೊಂಡಿಯನ್ನು ಬದಲಾಗದ ಹೆಸರಿಗೇ ಕಟ್ಟಬೇಕು.